ಊಟಿಯ ಕಲ್ಲು ಬಂಗ್ಲೆ: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ: (ಫೋಟೊ) ಇದು ಊಟಿಯ ಸ್ಟೋನ್ ಹೌಸ್. 1822ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಲು ಶುರು ಮಾಡಿದ್ದು. ಊಟಿಯ ಮೊಟ್ಟಮೊದಲ ಮನೆ. ಅದಕ್ಕೆ ಮುಂಚೆ ಅಲ್ಲಿ ಬರೀ ಕಾಡು. ಮಕ್ಕಳಿಗೂ ಓದಿ ಹೇಳಿ.

ಸಹನಾ: ಫೋಟೊ ಚೆನ್ನಾಗಿದೆ ದೊಡ್ಡಪ್ಪ. ಆದರೆ ‘ಮೊದಲ ಮನೆ’ ಅನ್ನೋದು ತಪ್ಪು. ಬರೀ ಕಾಡಾಗಿದ್ದರೆ ಸಲಿವನ್ ಜಾಗ ಕೊಂಡಿದ್ದು ಯಾರಿಂದ? ಆ ಬೆಟ್ಟದ ಬುಡಕಟ್ಟಿನವರಾದ ತೋಡರಿಂದ, ಎಕರೆಗೆ ಒಂದು ರೂಪಾಯಿಯಂತೆ. ಅಲ್ಲಿ ಅವರ ಎಮ್ಮೆಗಳು ಮೇಯುವ ಹುಲ್ಲುಗಾವಲಿತ್ತು. ತೋಡರ ಕೇರಿಗೆ ಮಂಡ್ ಅಂತಾರೆ. ಊಟಕಮಂಡ್ ಹೆಸರಲ್ಲೇ ಅದು ಕೂತಿದೆ ಅಲ್ವಾ?

ದೊಡ್ಡಪ್ಪ: ಗುಡಿಸಲು ಬೇರೆ, ಮನೆ ಬೇರೆ ಪುಟ್ಟಿ.

ಸರೋಜತ್ತೆ: ಅಣ್ಣ, ಹಾಗನ್ನಬೇಡ. ಬೊಟಾನಿಕಲ್ ಗಾರ್ಡನ್ ಮೇಲಿನ ಮಂಡ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು, ನೆನಪಿದೆಯಾ? ಅರ್ಧ ಪೀಪಾಯಿ ಬೋರಲು ಹಾಕಿದ ಹಾಗೆ ಬಾಗಿದ ಮಾಡು. ಬಿದಿರು, ಬೆತ್ತ, ಮೇಲೆ ಹುಲ್ಲು. ಬಾಗಿಲು ಸೊಂಟದಷ್ಟೂ ಎತ್ತರ ಇಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ಅಂಬೆಗಾಲಲ್ಲಿ ಒಳಗೆ ಹೋದಳು. ‘ಎಷ್ಟು ಬೆಚ್ಚಗಿದೆಯೇ’ ಅಂದಳು. ಆ ಚಳಿಗೆ ಅದಕ್ಕಿಂತ ಒಳ್ಳೆ ಮನೆ ಯಾವುದು?

ರಮೇಶ್ ಮಾವ: ಸಲಿವನ್‌ಗೂ ಅದು ಮೊದಲನೆಯದಲ್ಲ. 1819ರಲ್ಲೇ ಕೋಟಗಿರಿ ಕಡೆ ಒಂದು ಬಂಗ್ಲೆ ಕಟ್ಟಿಸಿದ್ದ. ಅದು ಪಾಳು ಬಿದ್ದಿತ್ತು. ಈಗ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಸ್ಟೋನ್ ಹೌಸನ್ನೂ ಹಾಗೇ ಮಾಡಬೇಕು. ಈಗ ಅಲ್ಲಿರುವ ಕಾಲೇಜು ಬೇರೆ ಕಡೆ ಹೋಗಲಿ.

ಸಹನಾ: ಮಾವ, ಇದಕ್ಕೆ ನಾನು ಒಪ್ಪೋಲ್ಲ. ಆ ಮನೆ ಉಳಿದಿದ್ದೇ ಜನ ಅದನ್ನು ಬಿಡದೆ ಬಳಸಿದ್ದರಿಂದ. ಮೊದಲು ಕಲೆಕ್ಟರ್ ಸಂಸಾರ. ಆಮೇಲೆ ಬೇಸಿಗೆಗೆ ಮದ್ರಾಸ್ ಸರ್ಕಾರವೇ ಬೆಟ್ಟ ಹತ್ತಿ ಬರುತ್ತಿತ್ತಲ್ಲ, ಆಗ ಅದು ಕಚೇರಿ. 1955ರಲ್ಲಿ ಸರ್ಕಾರಿ ಆರ್ಟ್ಸ್ ಕಾಲೇಜು ಶುರುವಾಯಿತು. ಈಗ ಅಲ್ಲಿ ಪ್ರಿನ್ಸಿಪಾಲರ ಕೊಠಡಿ. ಅದೇ ಬೆಟ್ಟದ ಬಡಗರ, ತೋಡರ ಮಕ್ಕಳು ಅಡ್ಮಿಶನ್‌ಗೆ ಅದೇ ಮೆಟ್ಟಿಲು ಹತ್ತಬಹುದು. ಮ್ಯೂಸಿಯಂ ಆದರೆ ಟಿಕೆಟ್ ಕೊಂಡವರು ಮಾತ್ರ ಹತ್ತುತ್ತಾರೆ.

ಸರೋಜತ್ತೆ: ನಿಜ. ಗುಂಡ್ಲುಪೇಟೆ ಮನೆಗೆ ಬೀಗ ಹಾಕಿ ಮೂರೇ ವರ್ಷ. ಹೋಗಿ ನೋಡಿದರೆ ತೊಲೆಗೆ ಗೆದ್ದಲು, ನಡುಮನೆ ತುಂಬ ಒಡೆದ ಹೆಂಚು. ನನಗೆ ಅಳು ಬಂತು.

ದೊಡ್ಡಪ್ಪ: ಕಾಲೇಜು ಇರಲಿ, ಸರಿ. ಆದರೆ ಸಲಿವನ್‌ನನ್ನು ಕಳ್ಳನ ಹಾಗೆ ಮಾತಾಡಬೇಡಿ. ಕೆರೆ ಕಟ್ಟಿಸಿದ್ದು ಅವನೇ. ಆಲೂಗೆಡ್ಡೆ ಬೆಳೆಸಿದ್ದು ಅವನೇ. 1838ರಲ್ಲಿ ಹೆಂಡತಿಯನ್ನೂ ಮಗಳನ್ನೂ ಅಲ್ಲೇ ಮಣ್ಣು ಮಾಡಿದ.

ಸಹನಾ: ಕಳ್ಳ ಅಂದಿಲ್ಲ ದೊಡ್ಡಪ್ಪ. ಈ ಬೆಟ್ಟದ ನೆಲ ತೋಡರದು ಅಂತ ತನ್ನ ಮೇಲಿನವರ ಜೊತೆ ವಾದ ಮಾಡಿದವನೂ ಅವನೇ. ಅವನೇ ಒಪ್ಪಿಕೊಂಡಿದ್ದನ್ನು ನಿಮ್ಮ ಫಾರ್ವರ್ಡ್ ಒಪ್ಪಿಕೊಳ್ಳುತ್ತಿಲ್ಲ. ಅದೇ ನನಗೆ ನೋವು.

ರಮೇಶ್ ಮಾವ: ಸುತ್ತಲಿನ ಜನ ಅದಕ್ಕೆ ‘ಕಲ್ ಬಂಗ್ಲಾ’ ಅಂತಾರೆ. ‘ಮೊದಲ ಬಂಗ್ಲೆ’ ಅಂತ ಹಾಕಿದರೆ ಆಯಿತಲ್ಲ?

ದೊಡ್ಡಪ್ಪ: ಸರಿ, ‘ಊಟಿಯ ಮೊದಲ ಬಂಗ್ಲೆ’ ಅಂತ ತಿದ್ದುತ್ತೇನೆ. ‘ಬರೀ ಕಾಡು’ ತೆಗೆಯುತ್ತೇನೆ. ಸಲಿವನ್ ಹೆಸರು ಮಾತ್ರ ತೆಗೆಯೋಲ್ಲ.

ಸಹನಾ: ತೆಗೆಯಬೇಡಿ ದೊಡ್ಡಪ್ಪ. ತೋಡರ ಹೆಸರೂ ಇರಲಿ. ಮೊದಲ ಸಾಲಲ್ಲೇ.