ಗ್ರೆಪ್ ಕೊಟ್ಟರೆ ಸಿಸ್ಟಮ್ಮೇ ನಿಂತುಹೋಗುತ್ತೆ, ಗೊತ್ತಿದ್ದವರು ಹೇಳಿ

ಪ್ರಶ್ನೆ, ತುಮಕೂರು:
ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿ. ಉಬುಂಟು ಲಿನಕ್ಸ್, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಗಿರಾಕಿಯ ಹೆಸರು ಯಾವ ಫೈಲಲ್ಲಿದೆ ಅಂತ ನೋಡೋಕೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಗ್ರೆಪ್ (ಫೈಲೊಳಗೆ ಪದ ಹುಡುಕುವ ಕಮಾಂಡ್), ದೊಡ್ಡ ಆರ್ (ಒಳಗಿನ ಫೋಲ್ಡರುಗಳೂ ಸೇರಿ), ಬರೀ ಸ್ಲ್ಯಾಶ್ (ಇಡೀ ಸಿಸ್ಟಮ್) ಕೊಡ್ತೀನಿ. ಹತ್ತು ನಿಮಿಷಕ್ಕೆ ಮೌಸೂ ಅಲ್ಲಾಡಲ್ಲ.

ಕೋಲಾರದಿಂದ:
ದೊಡ್ಡ ಆರ್ ಬಿಡಿ ಸಾರ್. ಅದು ಸಿಮ್‌ಲಿಂಕ್ (ಬೇರೆ ಫೈಲಿಗೆ ದಾರಿ ತೋರುವ ಕೊಂಡಿ) ಹಿಡಿದು ಹೋಗುತ್ತೆ, ಡಿವೈಸ್ ಫೈಲನ್ನೂ ಓದುತ್ತೆ. ಡಿವೈಸ್ ಫೈಲುಗಳಿರುವ 'ಡೆವ್' ಫೋಲ್ಡರಿನ ಒಳಗಿನ 'ಝೀರೋ' ಸೊನ್ನೆ ಕೊಡ್ತಾನೇ ಇರುತ್ತೆ, ಕೊನೆಯೇ ಇಲ್ಲ; ಹಳೇ ಗ್ರೆಪ್ ಆದರೆ ಸಾಲು ಮುಗಿಯಲಿ ಅಂತ ಕಾಯುತ್ತಾ ರ‍್ಯಾಮ್ ತುಂಬಿಸುತ್ತೆ. ಸ್ವಾಪ್ ಶುರುವಾಗಿ, ಅಂದರೆ ಮೆಮೊರಿಯಲ್ಲಿದ್ದದ್ದು ಹಾರ್ಡ್ ಡಿಸ್ಕಿಗೆ ಇಳಿದಾಗಲೇ ಮೌಸ್ ನಿಲ್ಲೋದು. ಚಿಕ್ಕ ಆರ್ ಡಿವೈಸ್‌ಗಳನ್ನು ಬಿಟ್ಟು ಹೋಗುತ್ತೆ, ಆದರೂ ಕರ್ನಲ್ ತಾನೇ ತೋರಿಸುವ 'ಪ್ರಾಕ್' ಫೋಲ್ಡರಿನ ಒಳಗಿನ 'ಕೆಕೋರ್' (ಮೆಮೊರಿಯ ಫೈಲ್ ರೂಪ) ಹತ್ರ ಸಿಕ್ಕಿಕೊಳ್ಳುತ್ತೆ. 64 ಬಿಟ್ ಪಿಸಿಯಲ್ಲಿ ಅದರ ಗಾತ್ರ 128 ಟಿಬಿ ಅಂತ ತೋರಿಸೋದು ಸಾಮಾನ್ಯ. ಡಿಸ್ಕಲ್ಲಿ ಒಂದು ಬೈಟೂ ಇರಲ್ಲ. ಗಿರಾಕಿಯ ಫೈಲು 'ಹೋಮ್'ನಲ್ಲಿರುವಾಗ ಇಡೀ ಸ್ಲ್ಯಾಶ್ ಯಾಕೆ ಬೇಕು? ಸುಡೋನೂ ಬೇಡ.

ಚಿಕ್ಕಬಳ್ಳಾಪುರದಿಂದ:
ಸ್ಲ್ಯಾಶೇ ಬೇಕು ಅಂದರೆ ಫೈಲ್ ಪಟ್ಟಿ ಮಾಡುವ ಫೈಂಡ್ ಬಳಸಿ: ಫೈಂಡ್, ಸ್ಲ್ಯಾಶ್, ಮೈನಸ್ ಎಕ್ಸ್‌ಡೆವ್, ಮೈನಸ್ ಟೈಪ್ ಎಫ್, ಮೈನಸ್ ಪ್ರಿಂಟ್0, ಪೈಪ್ ಹಾಕಿ ಎಕ್ಸ್‌ಆರ್ಗ್ಸ್ ಮೈನಸ್ 0, ಆಮೇಲೆ ಗ್ರೆಪ್ ಮೈನಸ್ ಚಿಕ್ಕ ಎಲ್ (ಫೈಲ್ ಹೆಸರು ಮಾತ್ರ ತೋರಿಸೋಕೆ), ಕೊನೆಗೆ ಹುಡುಕುವ ಹೆಸರು. ಎಕ್ಸ್‌ಡೆವ್ ಇದ್ದರೆ ಪ್ರಾಕ್, ಸಿಸ್, ಡೆವ್ ಮೂರಕ್ಕೂ ಇಳಿಯಲ್ಲ, ಅವು ಬೇರೆ ಫೈಲ್ ಸಿಸ್ಟಮ್. 'ಹೋಮ್' ಬೇರೆ ಪಾರ್ಟಿಷನ್ ಆಗಿದ್ದರೆ ಅದೂ ಬಿಟ್ಟುಹೋಗುತ್ತೆ, ಸ್ಲ್ಯಾಶ್ ಜೊತೆ ಅದರ ಹೆಸರನ್ನೂ ಹೇಳಿಯೇ ಕೊಡಿ. ಪ್ರಿಂಟ್0, ಮೈನಸ್ 0 ಎರಡನ್ನೂ ಮರೆತರೆ 'ಮದುವೆ ಕಾರ್ಡ್' ಥರ ಸ್ಪೇಸ್ ಇರುವ ಹೆಸರೆಲ್ಲ ಎರಡು ತುಂಡು.

ಅದಕ್ಕೂ ಮೊದಲು ಅದೇ ಟರ್ಮಿನಲ್ಲಲ್ಲಿ ಮೆಮೊರಿಗೆ ಮಿತಿ ಹಾಕುವ ಯುಲಿಮಿಟ್ ಮೈನಸ್ ವಿ 1000000 ಕೊಡಿ. ಲೆಕ್ಕ ಕೆಬಿಯಲ್ಲಿ, ಅಂದರೆ ಸುಮಾರು 1 ಜಿಬಿ. ಮೀರಿದರೆ ಗ್ರೆಪ್ ಸಾಯುತ್ತೆ, ಪಿಸಿ ಉಳಿಯುತ್ತೆ.

ತುಮಕೂರಿನ ಇನ್ನೊಬ್ಬರು:
ಇಷ್ಟಾದ ಮೇಲೂ ನಿಂತರೆ ಗ್ರೆಪ್ಪನ್ನು ಬೈಯಬೇಡಿ. ರೀಸ್ಟಾರ್ಟ್ ಆದ ಮೇಲೆ ಹಿಂದಿನ ಸಲದ ಕರ್ನಲ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಮೈನಸ್ ಕೆ ಮೈನಸ್ ಬಿ ಮೈನಸ್ 1 ನೋಡಿ. 'ಔಟ್ ಆಫ್ ಮೆಮೊರಿ' ಅಂತಿದ್ದರೆ ಮೇಲಿನವರು ಹೇಳಿದ್ದೇ. 'ಐ/ಓ ಎರರ್' ಇದ್ದರೆ ಡಿಸ್ಕ್ ಹೋಗ್ತಿದೆ: ಸ್ಮಾರ್ಟ್‌ಸಿಟಿಎಲ್‌ನಲ್ಲಿ (ಡಿಸ್ಕಿನ ಆರೋಗ್ಯ ತೋರಿಸುವ ಕಮಾಂಡ್) ಐಡಿ 197 ಇರುವ ಸಾಲು, ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಜಾಗ). ಅದು ಸೊನ್ನೆ ಅಲ್ಲದಿದ್ದರೆ ಹುಡುಕಾಟ ನಿಲ್ಲಿಸಿ, ಮೊದಲು ಬ್ಯಾಕಪ್. ಲಾಗಲ್ಲಿ ಏನೂ ಇಲ್ಲದೆ ಗಪ್ಪನೆ ಆಫ್ ಆದರೆ ಫ್ಯಾನಿನ ಧೂಳು, ಎಸ್‌ಎಂಪಿಎಸ್ (ಪವರ್ ಸಪ್ಲೈ) ನೋಡಿ.

ಕೋಲಾರದಿಂದ ಮತ್ತೆ:
ಡಿಟಿಪಿ ಅಂದಿರಲ್ಲ, ಅದಕ್ಕೆ ಹೇಳ್ತೀನಿ. ನುಡಿಯ ಹಳೇ ಫಾಂಟಲ್ಲಿ ಟೈಪಾದ ಹೆಸರು ಯೂನಿಕೋಡ್‌ನಲ್ಲಿ ಹುಡುಕಿದರೆ ಜನ್ಮದಲ್ಲಿ ಸಿಗಲ್ಲ, ಫೈಲಲ್ಲಿರೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಡಾಕ್ಸ್, ಓಡಿಟಿ ಎರಡೂ ಝಿಪ್ ಮಾಡಿದ ಫೈಲು. ಅನ್‌ಝಿಪ್ ಮೈನಸ್ ಪಿ ಮಾಡಿ ಗ್ರೆಪ್ಪಿಗೆ ಪೈಪ್ ಕೊಡಬೇಕು.