ಹಳೆ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ನಲ್ಲಿ ಲಿನಕ್ಸ್: ಬರೆದಿದ್ದು ಉಳಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್. ವಿಂಡೋಸ್ ಆನ್ ಮಾಡಿ ಹಾಲು ಕಾಯಿಸಿಟ್ಟು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಡಿಸ್ಕ್‌ನಲ್ಲಿ ಮಗಳ ಫೋಟೋಗಳಿವೆ, ಅದನ್ನು ಮುಟ್ಟಲು ಭಯ. ಯಾರೋ ಹೇಳಿದರು ಅಂತ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ನಡೆಯುವ ಒಂದು ಲಿನಕ್ಸ್) ಹಾಕಿದೆ. ಅದೂ ನಿಧಾನ, ಮೇಲಾಗಿ ಬರೆದ ಪತ್ರ ಮರುದಿನ ಇರಲೇ ಇಲ್ಲ. ನನಗೆ ಬೇಕಿರುವುದು ಸ್ವಸಹಾಯ ಸಂಘದ ಲೆಕ್ಕ, ಕನ್ನಡದಲ್ಲಿ ಪತ್ರ, ಸ್ವಲ್ಪ ಇಂಟರ್ನೆಟ್ ಅಷ್ಟೇ.

ಉತ್ತರ (ಕಂಪ್ಯೂಟರ್ ರಿಪೇರಿ ಮಾಡುವವನು): ನಮಸ್ಕಾರ ಮೇಡಂ. ನಿಮ್ಮ ಪತ್ರ ಹೋಗಿದ್ದು ನಿಮ್ಮ ತಪ್ಪಲ್ಲ. ಉಬುಂಟುವನ್ನು ಹಾಗೆ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ನೇರವಾಗಿ, ನಡೆಸಿದರೆ ಅದು ಸುಮ್ನೆ ತೋರಿಸಲಿಕ್ಕೆ ಮಾತ್ರ. ಆಫ್ ಮಾಡಿದ ತಕ್ಷಣ ಎಲ್ಲ ಮರೆತುಬಿಡುತ್ತದೆ. ಅದರ ಡೆಸ್ಕ್‌ಟಾಪ್ ಕೂಡ 2 ಜಿಬಿಗೆ ಭಾರ.

ನಾನು ಹೇಳುವುದು ಪಪ್ಪಿ ಎಂಬ ಹಗುರವಾದ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಪೆನ್‌ಡ್ರೈವ್‌ನಲ್ಲಿ ಓದುವುದು ಪರವಾಗಿಲ್ಲ, ಚೂರುಚೂರಾಗಿ ಬರೆಯುವುದು ಬಹಳ ನಿಧಾನ, ಬರೆದಷ್ಟೂ ಸವೆತ ಜಾಸ್ತಿ. ಪಪ್ಪಿ ನಿಮ್ಮ ಬದಲಾವಣೆಗಳನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಆಮೇಲೆ ಒಟ್ಟಿಗೆ ಪೆನ್‌ಡ್ರೈವ್‌ಗೆ ಇಳಿಸುತ್ತದೆ. ಬೂಟ್ ಸಾಲಿನಲ್ಲಿ, ಅಂದರೆ ಯಂತ್ರ ಏಳುವಾಗ ಪಪ್ಪಿಗೆ ಕೊಡುವ ಸೂಚನೆಯ ಸಾಲಿನಲ್ಲಿ, ‘ಪಿಮೀಡಿಯಾ=ಯುಎಸ್‌ಬಿಫ್ಲಾಶ್’ (pmedia=usbflash) ಎಂದಿರಬೇಕು. ‘ಸಿಡಿ’ ಅಂತ ಇದ್ದರೆ ಬದಲಿಸಿ.

ಮೊದಲು ವಿಂಡೋಸ್‌ನ ಅಬೌಟ್ ಪುಟದಲ್ಲಿ ಪ್ರೊಸೆಸರ್ 64 ಬಿಟ್ಟಾ ನೋಡಿ. ವಿಂಡೋಸ್ 32 ಬಿಟ್ ಇದ್ದರೂ ಪ್ರೊಸೆಸರ್ 64 ಇರಬಹುದು. ಹಾಗಿದ್ದರೆ ಪಪ್ಪಿಯ ಬುಕ್‌ವರ್ಮ್‌ಪಪ್64 ಆವೃತ್ತಿ, ಇಲ್ಲದಿದ್ದರೆ ಬುಕ್‌ವರ್ಮ್‌ಪಪ್32. ಎರಡೂ ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್‌ನ ಪ್ಯಾಕೇಜ್‌ಗಳಿಂದ ಆದವು. ಅದನ್ನು ರೂಫಸ್ ಎಂಬ ವಿಂಡೋಸ್ ತಂತ್ರಾಂಶದಲ್ಲಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಪೆನ್‌ಡ್ರೈವ್ ತಗೊಳ್ಳಿ.

ಮೊದಲ ಸಲ ಶಟ್‌ಡೌನ್ ಮಾಡುವಾಗ ‘ಸೇವ್ ಮಾಡಲೇ?’ ಎಂದು ಕೇಳುತ್ತದೆ. ಹೌದು ಅನ್ನಿ. ಒಂದು ಸೇವ್‌ಫೈಲ್ ಆಗುತ್ತದೆ, ನಿಮ್ಮ ಪತ್ರ, ಸೆಟ್ಟಿಂಗ್ ಎಲ್ಲ ಅದರಲ್ಲೇ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಆ ಫೈಲ್ 4 ಜಿಬಿ ದಾಟುವಂತಿಲ್ಲ. ನಿಮಗೆ 1 ಜಿಬಿ ಧಾರಾಳ. ಸಂಘದ ಲೆಕ್ಕ ಇರುವುದರಿಂದ ಪಾಸ್‌ವರ್ಡ್ ಹಾಕಿ ಬೀಗ ಹಾಕುವ ಎನ್‌ಕ್ರಿಪ್ಟ್ ಆಯ್ಕೆಯನ್ನೇ ತಗೊಳ್ಳಿ. ಪೆನ್‌ಡ್ರೈವ್ ಎಲ್ಲಾದರೂ ಬಿದ್ದುಹೋದರೆ ಯಾರೂ ಓದಲಾಗದು.

ಫೋಟೋ ಇರುವ ಡಿಸ್ಕ್ ಐಕಾನ್ ಕಾಣಿಸುತ್ತದೆ, ಅದನ್ನು ತೆರೆಯಲೇಬೇಡಿ. ಪಪ್ಪಿಯಲ್ಲಿ ನೀವು ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರರು, ಆಗಿರುತ್ತೀರಿ, ಅಳಿಸಿದರೆ ತಡೆಯುವವರಿಲ್ಲ. ವಿಂಡೋಸನ್ನು ಕೊನೆಯ ಸಲ ಮುಚ್ಚುವಾಗ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಆಗ ಅದು ಪೂರ್ತಿ ಆಫ್ ಆಗುತ್ತದೆ.

ಮತ್ತೊಬ್ಬರು: ಸರ್, ನಾನೂ ಪಪ್ಪಿಯೇ ಬಳಸುವುದು. ಮೊನ್ನೆ ಕರೆಂಟ್ ಹೋಯಿತು, ಬ್ಯಾಟರಿ ಮೊದಲೇ ಸತ್ತಿತ್ತು. ಈಗ ಬೂಟ್ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲ ಹೋಯಿತಾ?

ಉತ್ತರ: ಹೋಗಿರಲಿಕ್ಕಿಲ್ಲ, ಗಾಬರಿ ಬೇಡ. ಬೂಟ್ ಆಗುವಾಗ ‘ಪಿಫಿಕ್ಸ್=ರ‍್ಯಾಮ್’ (pfix=ram) ಎಂದು ಕೊಡಿ. ಸೇವ್‌ಫೈಲ್ ಮುಟ್ಟದೆ ಏಳುತ್ತದೆ. ಎದ್ದ ಮೇಲೆ ಮೊದಲು ಆ ಸೇವ್‌ಫೈಲನ್ನು ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ರಿಪೇರಿ ಆಮೇಲೆ. ಮತ್ತೆ ಬೂಟ್ ಮಾಡಿ ‘ಪಿಫಿಕ್ಸ್=ಎಫ್‌ಎಸ್‌ಸಿಕೆ’ (pfix=fsck) ಕೊಟ್ಟರೆ ಸೇವ್‌ಫೈಲನ್ನು ತಪಾಸಣೆ ಮಾಡಿ ಸರಿಮಾಡಲು ನೋಡುತ್ತದೆ. ನನ್ನ ಬಳಿ ಬಂದಿದ್ದ ಒಬ್ಬ ಅಂಗಡಿಯವರು, ಪರದೆ ಕಪ್ಪಾಯಿತು ಅಂತ ಪೆನ್‌ಡ್ರೈವ್ ಕಿತ್ತಿದ್ದರು. ಒಳಗೆ ಇನ್ನೂ ಬರೆಯುತ್ತಿತ್ತು. ಎರಡು ತಿಂಗಳ ಬಾಕಿ ಲೆಕ್ಕ ಹೋಯಿತು, ನನಗೆ ತೆಗೆಯಲಾಗಲಿಲ್ಲ. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಯಂತ್ರ ಪೂರ್ತಿ ಆಫ್ ಆಗಿ, ದೀಪ ಆರಿದ ಮೇಲೆ ಕೀಳಿ. ಕೆಲಸದ ನಡುವೆ ಡೆಸ್ಕ್‌ಟಾಪ್‌ನ ಸೇವ್ ಐಕಾನ್ ಒತ್ತುತ್ತಿರಿ.

ಪ್ರಶ್ನೆ ಕೇಳಿದವರು: ಸರ್, ಹಾಕಿದೆ, ಎದ್ದಿತು! ಆದರೆ ಕನ್ನಡ ಇರಬೇಕಾದಲ್ಲಿ ಬರೀ ಚೌಕ.

ಉತ್ತರ: ಸಂತೋಷ ಮೇಡಂ. ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ತಂತ್ರಾಂಶ ಹಾಕಿಕೊಳ್ಳುವ ಸಿನಾಪ್ಟಿಕ್ ತೆರೆದು ‘ಫಾಂಟ್ಸ್-ಕೆಎನ್‌ಡಿಎ’ (fonts-knda) ಹಾಕಿ, ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ. ಟೈಪ್ ಮಾಡಲು ‘ಐಬಸ್-ಎಂ17ಎನ್’ (ibus-m17n) ಬೇಕು. ಅದರಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿ ತಂತ್ರಾಂಶದಲ್ಲೂ ಅದೇ ಕೀಲಿಮಣೆ, ಅದರಲ್ಲಿ ಕೈ ಪಳಗಿದ್ದರೆ ಹೊಸದಾಗಿ ಕಲಿಯಬೇಕಿಲ್ಲ. ಹಾಕಿದ ಮೇಲೆ ಸೇವ್ ಒತ್ತಿ. ಬ್ರೌಸರ್‌ನಲ್ಲಿ ಎರಡು ಮೂರು ಟ್ಯಾಬ್‌ಗಿಂತ ಜಾಸ್ತಿ ತೆರೆಯಬೇಡಿ, 2 ಜಿಬಿಯನ್ನು ಅದೊಂದೇ ನುಂಗುತ್ತದೆ.