ಒಂಬತ್ತು ವರ್ಷದ ಇಂಪ್ಲಾಂಟ್ ಅಲ್ಲಾಡ್ತಿದೆ: ತೆಗೆಸೋದಾ, ಇಟ್ಕೊಳ್ಳೋದಾ?

ಡೊಂಬಿವಲಿ: ಅಪ್ಪನಿಗೆ ಕೆಳಗಿನ ದವಡೆಹಲ್ಲಿಗೆ ಇಂಪ್ಲಾಂಟ್ (ಎಲುಬಿಗೆ ತಿರುಗಿಸೋ ಲೋಹದ ಬೇರು) ಕೂರಿಸಿ 9 ವರ್ಷ. ಈಗ ಹಲ್ಲು ಅಲ್ಲಾಡುತ್ತೆ, ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತೆ. ಬೇರು ಸಮೇತ ತೆಗೆದು ಹೊಸದು ಹಾಕ್ಬೇಕಂತೆ. ಇಷ್ಟು ವರ್ಷ ಆದವರು ಹೇಳಿ.

ಥಾಣೆ: ಮೊದಲು ಎಕ್ಸ್‌ರೇ ಮಾರಾಯ್ರೆ. ಇಂಪ್ಲಾಂಟೇ ಅಲ್ಲಾಡಿದ್ರೆ ತೆಗೀಲೇಬೇಕು. ಎಲುಬು ಗಟ್ಟಿಯಿದ್ದು ಕ್ರೌನ್ (ಮೇಲಿನ ಕೃತಕ ಹಲ್ಲು) ಮಾತ್ರ ಆಡಿದ್ರೆ ಸಡಿಲಾದದ್ದು ಹೆಚ್ಚಾಗಿ ಅಬಟ್‌ಮೆಂಟಿನ (ಇಂಪ್ಲಾಂಟಿಗೂ ಕ್ರೌನಿಗೂ ನಡುವಿನ ತುಂಡು) ಸ್ಕ್ರೂ. ನನ್ನದು ಸ್ಕ್ರೂವಲ್ಲಿ ಬಿಗಿಯೋ ಕ್ರೌನ್. ಸ್ಕ್ರೂ ತೂತು ಮುಚ್ಚಿದ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಕೊರೆದು, ಅದರಡಿಯ ಟೆಫ್ಲಾನ್ ಟೇಪ್ ಎಳೆದು, ಹಳೇ ಸ್ಕ್ರೂ ಬಿಸಾಡಿ ಹೊಸತು. ಟಾರ್ಕ್ ರೆಂಚಲ್ಲಿ (ಬಿಗಿ ಅಳೆಯೋ ಪಾನಾ) 30 ನ್ಯೂಟನ್ ಸೆಂಟಿಮೀಟರ್, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅಷ್ಟೇ. ಸ್ಕ್ರೂವಿಗೆ 1,200, ಕೈಕೂಲಿ 800 ರೂಪಾಯಿ. ಕ್ರೌನನ್ನ ಸಿಮೆಂಟಲ್ಲಿ ಅಂಟಿಸಿಕೊಂಡವರಿಗೆ ಈ ಭಾಗ್ಯ ಇಲ್ಲ.

ಪುಣೆ, ಕೋಥ್ರೂಡ್: ಭಾಗ್ಯ ಇಲ್ಲ ಅಂದ್ರ ಏನ್ರಿ? ನಂದು ಸಿಮೆಂಟಿಂದು, 11 ವರ್ಷ ಆತು. ತಪ್ಪು ಸಿಮೆಂಟಿಂದಲ್ಲ, ವಸಡಿನ ಕೆಳಗ ಉಳಿದದ್ದನ್ನ ಕೆರೀದೇ ಬಿಟ್ಟವರದು. ಅದು ಕೀವು ಮಾಡಿ ಎಲುಬು ತಿಂತದ. ಮೊದಲ ವರ್ಷ ಎಲುಬು ಒಂದು–ಒಂದೂವರೆ ಮಿಲಿಮೀಟರ್ ಇಳಿಯೂದು ಲೆಕ್ಕದಾಗ ಅದ. ಆಮ್ಯಾಲೆ ವರ್ಷಕ್ಕ 0.2 ದಾಟಿದ್ರ ಹುಷಾರು. ನನಗ 5ನೇ ವರ್ಷ ಕೀವು: ವಸಡು ತೆರೆದು ಸ್ವಚ್ಛ ಮಾಡ್ಲಿಕ್ಕೆ 14,500, ಹೊಸ ಕ್ರೌನಿಗೆ 9,000. ಇಂಪ್ಲಾಂಟ್ ಉಳೀತು.

ಥಾಣೆ: 23,500 ಕೊಟ್ಟೂ ಸಿಮೆಂಟೇ ಒಳ್ಳೇದು ಅಂತೀರಲ್ಲ!

ಪುಣೆ: ನಿಮ್ಮ ತೂತಿನ ಕಾಂಪೋಸಿಟ್ ಒಮ್ಮೆಯೂ ಕಿತ್ತು ಬಂದಿಲ್ಲೇನು? ಖರೆ ಹೇಳ್ರಿ.

ಥಾಣೆ: ಎರಡು ಸಲ. ಅದು 300ರ ಕೆಲಸ.

ಮಡಗಾಂವ್: ಜಗಳ ಆಮೇಲೆ. ಇಂಪ್ಲಾಂಟ್ ಹಾಕಿದಾಗ ಕೊಟ್ಟ ಕಾರ್ಡ್ ಇದ್ಯಾ? ಕಂಪನಿ, ವ್ಯಾಸ, ಉದ್ದ, ಲಾಟ್ ನಂಬರಿನ ಸ್ಟಿಕ್ಕರ್ ಇರೋದು. ಅದಿಲ್ಲದೆ ಸ್ಕ್ರೂಡ್ರೈವರ್ ಯಾವುದಂತ ಗೊತ್ತಾಗಲ್ಲ. 1.25 ಮಿಲಿಮೀಟರಿನ ಹೆಕ್ಸಿಗೆ (ಆರುಮೂಲೆ ಗುಳಿ) 1.20ರ ಡ್ರೈವರ್ ತುರುಕಿ ನನ್ನ ಸ್ಕ್ರೂ ತಲೆ ಸವೆಸಿಟ್ರು. ಅಲ್ಟ್ರಾಸಾನಿಕ್ ತುದಿಯಿಂದ ಅಲುಗಿಸಿ ಹಿಮ್ಮುಖ ತಿರುಗಿಸೋಕೆ ಒಂದೂವರೆ ಗಂಟೆ, 6,000. ಇನ್ನು ಅನ್ನ ಸಿಗೋದು: ಮುಂದಿನ ಸ್ವಂತ ಹಲ್ಲು ವರ್ಷ ಕಳೆದಂತೆ ಇನ್ನೂ ಮುಂದಕ್ಕೆ ಸರಿಯುತ್ತೆ, ಮೂಳೆಗೆ ಬೆಸೆದ ಇಂಪ್ಲಾಂಟ್ ಕದಲಲ್ಲ, ಸಂದಿ ಬೀಳುತ್ತೆ. ಕ್ರೌನ್ ಬಿಚ್ಚಿ ಲ್ಯಾಬಲ್ಲಿ ಪಿಂಗಾಣಿ ಏರಿಸಿದ್ರೆ ಮುಚ್ಚುತ್ತೆ. ಅಲ್ಲೀವರೆಗೆ ಸಂದಿ ಬ್ರಷ್; ಕಡ್ಡಿ ಹಾಕಿ ಕೆದಕಬೇಡಿ.

ಥಾಣೆ: ಕೇಳಿದ್ರಾ, *ಬಿಚ್ಚಿ*! ಸಿಮೆಂಟಿಂದಾದ್ರೆ ಒಡೀಬೇಕು.

ಪುಣೆ: ತಾತ್ಕಾಲಿಕ ಸಿಮೆಂಟ್ ಅಂತ ಒಂದು ಅದ, ತಟ್ಟಿದ್ರ ಬಿಚ್ಚತದ. ಗೊತ್ತಿಲ್ಲದವರು ಸುಮ್ಮನಿರ್ರಿ.

ಡೊಂಬಿವಲಿ: ಕಾರ್ಡ್ ಸಿಕ್ಕಲಿಲ್ಲ. ಹಳೇ ಬಿಲ್ಲಲ್ಲಿ "ಇಂಪ್ಲಾಂಟ್, ಒಂದು" ಅಂತ ಅಷ್ಟೇ ಇದೆ.

ಮಡಗಾಂವ್: ಹಾಕಿದ ಕ್ಲಿನಿಕ್ಕಲ್ಲೇ ಫೈಲ್ ಕೇಳಿ. ಇಲ್ಲಾಂದ್ರೆ ಎಕ್ಸ್‌ರೇಯಲ್ಲಿ ಇಂಪ್ಲಾಂಟಿನ ಸ್ಕ್ರೂ ಎಳೆ, ಕುತ್ತಿಗೆಯ ಆಕಾರ ನೋಡಿ ಕಂಪನಿ ಗುರುತಿಸೋರಿದ್ದಾರೆ.